ಸಂಚಿತ ಮತ್ತು ಅಭಿವಚನ: ಗಡಿನಾಡಿನಿಂದ ಕಂಡ ಸೆರೆಮನೆಯ ರಜಾ ನಿಯಮಗಳು

ಗಡಿನಾಡಿನ ಭಾಷಿಕ ಅಲ್ಪಸಂಖ್ಯಾತರ ಹಕ್ಕುಗಳನ್ನು ಕುರಿತ ಕನ್ನಡ ಚರ್ಚೆಯು ಬಹುಪಾಲು ಶಾಲೆ, ಪಠ್ಯಪುಸ್ತಕ, ನಾಮಫಲಕಗಳ ಸುತ್ತ ಬೆಳೆದಿದೆ. ಸೆರೆಮನೆ ಅದರ ವ್ಯಾಪ್ತಿಗೆ ಬಂದುದು ವಿರಳ. ಸೊಲ್ಲಾಪುರ ಜಿಲ್ಲೆಯ ನೆನಪಿನಲ್ಲಿ ಸೆರೆಮನೆಯೆಂದರೆ 1930ರ ಮಾರ್ಷಲ್ ಲಾ. 1931ರ ಜನವರಿ 12ರಂದು ಯರವಡಾದಲ್ಲಿ ಗಲ್ಲಿಗೇರಿದ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ ಮತ್ತು ಶ್ರೀಕೃಷ್ಣ ಸಾರಡಾ. ಹುತಾತ್ಮರಿಗೆ ಚೌಕವಿದೆ, ಪ್ರತಿಮೆಗಳಿವೆ. ಸಾಮಾನ್ಯ ಶಿಕ್ಷಾಬಂದಿಯ ವಿಷಯದಲ್ಲಿ ಉಳಿಯುವುದು ಅವನ ಕಡತ ಮಾತ್ರ. ಆ ಕಡತದಲ್ಲಿ ಊರಿನ ದಾರಿಯನ್ನು ತೆರೆಯುವ ಅಥವಾ ಮುಚ್ಚುವ ಪಠ್ಯವಾಗಿ ದಶಕಗಳ ಕಾಲ ನಿಂತದ್ದು 1959ರ ಮುಂಬಯಿ ಫರ್ಲೋ ಮತ್ತು ಪೆರೋಲ್ ನಿಯಮಗಳು. ಅನೇಕ ತಿದ್ದುಪಡಿಗಳನ್ನು ಕಂಡ ಈ ನಿಯಮಗಳನ್ನು ವಕೀಲರು ಓದಿದ್ದಾರೆ; ಭಾಷೆಯ ವಿದ್ಯಾರ್ಥಿಗಳು ಓದಿಲ್ಲ.

ನಿಯಮಗಳ ಕಾಲವೇ ಅರ್ಥಪೂರ್ಣವಾಗಿದೆ. 1956ರ ನವೆಂಬರ್ 1ರಂದು ವಿಜಯಪುರ, ಧಾರವಾಡ, ಬೆಳಗಾವಿ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯವನ್ನು ಬಿಟ್ಟವು; ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ಅಲ್ಲಿಯೇ ಉಳಿದವು. ನಿಯಮಗಳು ರೂಪುಗೊಂಡದ್ದು ಗುಜರಾತಿ–ಮರಾಠಿ ದ್ವಿಭಾಷಿಕವೆನಿಸಿದ ರಾಜ್ಯದಲ್ಲಿ. ಆ ಎಣಿಕೆಯಲ್ಲಿ ಮೂರನೆಯ ಭಾಷೆಗೆ ಸ್ಥಾನವಿರಲಿಲ್ಲ.

ಮರಾಠಿ ಆಡಳಿತ ಪರಿಭಾಷೆಯಲ್ಲಿ ಫರ್ಲೋ ಎಂದರೆ ಸಂಚಿತ ರಜೆ, ಪೆರೋಲ್ ಎಂದರೆ ಅಭಿವಚನ ರಜೆ. ಎರಡೂ ಸಂಸ್ಕೃತ ಪದಗಳಾದುದರಿಂದ ಕನ್ನಡ ಓದುಗನಿಗೆ ಅಪರಿಚಿತವಲ್ಲ. ಸಂಚಿತವೆಂದರೆ ಕೂಡಿಟ್ಟದ್ದು, ದುಡಿದು ಗಳಿಸಿದ್ದು. ಶಿಕ್ಷೆಯ ನಿರ್ದಿಷ್ಟ ಭಾಗವನ್ನು ಸನ್ನಡತೆಯಿಂದ ಕಳೆದವನಿಗೆ ಕಾರಣ ಕೇಳದೆ ಕೊಡುವ ರಜೆ ಅದು. ಅದರ ದಿನಗಳು ಶಿಕ್ಷೆಯ ಲೆಕ್ಕಕ್ಕೂ ಸಲ್ಲುತ್ತವೆ. ಆದರೆ ಹದಿನೇಳನೆಯ ನಿಯಮವು ಫರ್ಲೋವನ್ನು ಕಾನೂನಿನ ಹಕ್ಕೆಂದು ಕೈದಿ ಕೇಳುವಂತಿಲ್ಲ ಎನ್ನುತ್ತದೆ. ಹೆಸರು ಗಳಿಕೆಯನ್ನು ಸಾರುತ್ತದೆ, ನಿಯಮ ಅನುಗ್ರಹವನ್ನು. ಅಭಿವಚನದ ಗತಿಯೂ ಬೇರೆಯಲ್ಲ. ಪೆರೋಲ್ ಎಂಬ ಫ್ರೆಂಚ್ ಮೂಲದ ಪದಕ್ಕೆ ಮಾತು, ಕೊಟ್ಟ ವಚನ ಎಂದೇ ಅರ್ಥ. ಸಾವು, ಕಾಯಿಲೆ, ಮದುವೆಗಳಂಥ ಕಾರಣಕ್ಕೆ ಕೈದಿ ತಾನು ಮರಳುವೆನೆಂದು ನುಡಿಗೊಟ್ಟು ಹೊರಡಬೇಕಾದದ್ದು. ವ್ಯವಹಾರದಲ್ಲಿ ನಡೆಯುವುದು ಅವನ ಮಾತಲ್ಲ. ಜಾಮೀನುದಾರನ ಮುಚ್ಚಳಿಕೆ ಮತ್ತು ಪೊಲೀಸರ ವರದಿ. ಫರ್ಲೋಗೂ ತನ್ನನ್ನು ಮನೆಗೆ ಸೇರಿಸಿಕೊಳ್ಳಲು, ಹೊಣೆ ಬರೆದುಕೊಡಲು ಒಪ್ಪುವ ಬಂಧು ಬೇಕು. ಹೀಗೆ ಬಿಡುಗಡೆಯ ಮಾತು ಕೈದಿಯ ಬಾಯಿಯಿಂದ ಜಾರಿ ಊರಿನ ಬಾಯಿಗೆ ಸೇರುತ್ತದೆ.

ಆ ಊರು ಹುಲಜಂತಿಯಾಗಿದ್ದರೆ? ದೀಪಾವಳಿಯ ಅಮಾವಾಸ್ಯೆಗೆ ಮಹಾಲಿಂಗರಾಯನ ಮುಂಡಾಸು ನೋಡಲು ಹಾಲುಮತದ ಜನ ಸೀಮೆಯ ಗೆರೆ ಲೆಕ್ಕಿಸದೆ ನೆರೆಯುವ, ಪಲ್ಲಕ್ಕಿಗಳು ಭೆಟ್ಟಿಯಾಗುವ ಊರು ಅದು. ಪೆರೋಲಿನ ಕಾರಣಪಟ್ಟಿಯಲ್ಲಿ ಜಾತ್ರೆ ಇಲ್ಲ. ಊರಿನೊಡನೆ ಒಬ್ಬನ ನಂಟನ್ನು ವರ್ಷಕ್ಕೊಮ್ಮೆ ಹೊಸತಾಗಿಸುವುದು ಅದೇ. 2017ರ ಅಸ್ಫಾಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಂಥ ರಜೆಗಳ ಉದ್ದೇಶವನ್ನು ಕುಟುಂಬದ ಬಾಳಿನ ಸಾತತ್ಯ, ನಿರಂತರ ಸೆರೆವಾಸದ ದುಷ್ಪರಿಣಾಮದಿಂದ ರಕ್ಷಣೆ, ಬದುಕಿನಲ್ಲಿ ಆಸಕ್ತಿ ಎಂದು ಗುರುತಿಸಿತು. ಈ ಉದ್ದೇಶಗಳನ್ನು ಒಪ್ಪಿದರೆ ಭಾಷೆಯನ್ನು ಹೊರಗಿಡಲಾಗದು. ಹಾಜರಿ ಕೂಗು, ಸಂಜೆಯ ಬೀಗ, ಮುಲಾಖತ್ತಿನ ಸರದಿಗಳ ನಡುವೆ ಊರನ್ನು ಒಳಗೆ ತರುವುದು ಪತ್ರ. ತಪಾಸಣೆಗೊಳಗಾಗುವ ಪತ್ರ ಕನ್ನಡದಲ್ಲಿದ್ದರೆ ಕನ್ನಡ ಬಲ್ಲ ಸಿಬ್ಬಂದಿಗಾಗಿ ಕಾಯಲೇಬೇಕು.

ಈ ಬಗೆಗೆ ಕಾನೂನು ಮೌನವಾಗಿಲ್ಲ. 1962ರ ಹರಿಕಿಸನ್ ಪ್ರಕರಣದಲ್ಲಿ ನಾಗಪುರದ ಬಂಧಿತನಿಗೆ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಡಲಾಗಿತ್ತು. ಅವನಿಗೆ ತಿಳಿಯುವ ಭಾಷೆಯಲ್ಲಿ ಕೊಡದೆ ಬಾಯಿಮಾತಿನಲ್ಲಿ ವಿವರಿಸಿದರೆ ಸಾಲದೆಂದು ಸುಪ್ರೀಂ ಕೋರ್ಟು ತೀರ್ಮಾನಿಸಿತು. ಆದರೆ ಆ ತೀರ್ಪು ಮುನ್ನೆಚ್ಚರಿಕೆಯ ಬಂಧನಕ್ಕೆ ಸಂಬಂಧಿಸಿದ್ದು; ರಜೆಯ ನಿರಾಕರಣೆಗೆ ಅದನ್ನು ತಾನಾಗಿ ಅನ್ವಯಿಸಲಾಗದು. ಸಂವಿಧಾನದ 350ನೆಯ ವಿಧಿ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಎಲ್ಲರಿಗೂ ಕೊಡುತ್ತದೆ. ಅಕ್ಕಲಕೋಟೆಯ ಕೈದಿ ಕನ್ನಡದಲ್ಲಿ ಅರ್ಜಿ ಬರೆಯಬಹುದು. ಕನ್ನಡದಲ್ಲಿಯೇ ಉತ್ತರ ಬರಬೇಕೆಂದು ಆ ವಿಧಿ ಹೇಳುವುದಿಲ್ಲ. ಕೇಳುವ ಹಕ್ಕಿದೆ, ತಿಳಿಯುವ ಹಕ್ಕಿಲ್ಲ.

ಗಡಿಯವರೆಲ್ಲ ಮರಾಠಿ ಬಲ್ಲರು, ಆದ್ದರಿಂದ ಇದು ಕಲ್ಪಿತ ತೊಡಕು ಎಂಬ ಆಕ್ಷೇಪವಿದೆ. ಅದರಲ್ಲಿ ಸತ್ಯಾಂಶವುಂಟು. ಆದರೆ ಸಂತೆಯ ಮರಾಠಿ ಬೇರೆ, ಕಡತದ ಮರಾಠಿ ಬೇರೆ. ವ್ಯಾಪಾರ ಕುದುರಿಸಬಲ್ಲವನು ಸಾರ್ವಜನಿಕ ಶಾಂತಿಗೆ ಭಂಗ ಬರಬಹುದೆಂಬ ಪ್ರತಿಕೂಲ ವರದಿಗೆ ಲಿಖಿತ ಉತ್ತರ ಕೊಡಬಲ್ಲನೆಂದು ಭಾವಿಸಲಾಗದು. ಹೊಣೆಪತ್ರಕ್ಕೆ ಹೆಬ್ಬೆಟ್ಟೊತ್ತುವ ತಾಯಿಗೆ ತಾನು ಯಾವುದಕ್ಕೆ ಹೊಣೆಯಾದೆನೆಂಬುದು ಅವಳ ನುಡಿಯಲ್ಲಿಯೇ ತಿಳಿಯಬೇಕು. ಮಗ ತಡವಾಗಿ ಮರಳಿದರೆ ತೆರುವವಳು ಅವಳು.

ಗಡಿಯ ತಕರಾರನ್ನು ಹಳ್ಳಿಗಳ ಎಣಿಕೆಯಾಗಿ ಕಂಡವರಿಗೆ ಈ ಪ್ರಶ್ನೆ ಸಣ್ಣದೆನಿಸೀತು. ಇದರ ಪರಿಹಾರ ಗೆರೆಯನ್ನು ಸರಿಸುವುದನ್ನು ಅವಲಂಬಿಸಿಲ್ಲ. ಅರ್ಜಿ ನಮೂನೆ, ಹೊಣೆಪತ್ರ ಮತ್ತು ನಿರಾಕರಣೆಯ ಆದೇಶ, ಈ ಮೂರೇ ಕಾಗದಗಳು ಮರಾಠಿಯ ಜೊತೆಗೆ ಕನ್ನಡದಲ್ಲಿಯೂ ದೊರೆತರೆ ಅಭಿವಚನವೆಂಬ ಪದಕ್ಕೆ ಅದರ ಅರ್ಥ ಮರಳೀತು: ತಿಳಿದು ಕೊಟ್ಟದ್ದು ಮಾತ್ರ ವಚನ.