ವೈದ್ಯರ ಬಾಗಿಲಿನವರೆಗೆ

ಇರಾಕ್ ಮತ್ತು ಅಫ್ಗಾನಿಸ್ತಾನದ ಯುದ್ಧಗಳಲ್ಲಿ ಪಾಲ್ಗೊಂಡ ಅಮೆರಿಕದ ಸೈನಿಕರ ಮನಃಸ್ಥಿತಿಯ ಬಗ್ಗೆ ಚಾರ್ಲ್ಸ್ ಹೋಗ್ ಮತ್ತು ಸಂಗಡಿಗರು 2004ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಒಂದು ಸಮೀಕ್ಷೆ ಪ್ರಕಟಿಸಿದರು. ಮಾನಸಿಕ ತೊಂದರೆಯ ಲಕ್ಷಣ ಕಂಡವರಲ್ಲಿ ನೆರವು ಕೇಳಿ ಹೋದವರು ಶೇ 23ರಿಂದ 40ರಷ್ಟು ಮಾತ್ರ. ಹೋಗಲು ಅಡ್ಡಿ ಏನು ಎಂಬುದಕ್ಕೆ, ‘ನನ್ನನ್ನು ಅಳ್ಳೆದೆಯವನು ಅಂದುಕೊಳ್ಳುತ್ತಾರೆ’ ಎಂದವರು ಶೇ 65. ‘ಮೇಲಧಿಕಾರಿಗಳು ನನ್ನನ್ನು ನೋಡುವ ರೀತಿಯೇ ಬದಲಾದೀತು’ ಎಂದವರು ಶೇ 63. ಗುಂಡಿಗೆ ಎದೆಯೊಡ್ಡಿದ ಮನುಷ್ಯ, ಮನೋವೈದ್ಯರ ಕೋಣೆಯ ಮುಂದಿನ ಬೆಂಚಿನಲ್ಲಿ ಕೂತದ್ದನ್ನು ಯಾರಾದರೂ ಕಂಡಾರೆಂದು ಅಂಜುತ್ತಾನೆ.

ಈ ಅಂಜಿಕೆಯನ್ನು ದಾಟುವ ದಾರಿಯಾಗಿ 2011ರಲ್ಲಿ ಬಂದದ್ದು ‘ಪಿಟಿಎಸ್‌ಡಿ ಕೋಚ್’ ಎಂಬ ಮೊಬೈಲ್ ಆ್ಯಪ್. ಪಿಟಿಎಸ್‌ಡಿ ಎಂದರೆ ಆಘಾತದ ನಂತರ ಕಾಡುವ ಮಾನಸಿಕ ತೊಂದರೆ. ಅಮೆರಿಕದ ಮಾಜಿ ಸೈನಿಕರ ಇಲಾಖೆ ಮತ್ತು ರಕ್ಷಣಾ ಇಲಾಖೆ ಸೇರಿ ಇದನ್ನು ರೂಪಿಸಿದವು. ಉಚಿತ, ಖಾತೆ ತೆರೆಯಬೇಕಿಲ್ಲ, ಹೆಸರು ಹೇಳಬೇಕಿಲ್ಲ. ಬರೆದುಕೊಂಡದ್ದು ಫೋನಿನಲ್ಲೇ ಉಳಿಯುತ್ತದೆ. ಇದರ ನಿಜವಾದ ಹೆಚ್ಚುಗಾರಿಕೆ ಇದೇ ಎಂಬುದು ನನ್ನ ಅಭಿಪ್ರಾಯ. ಚಿಕಿತ್ಸೆಯ ವಿಧಾನಗಳಲ್ಲಿ ಹೊಸದೇನೂ ಇಲ್ಲ. ಅವನ್ನು ಯಾರ ಕಣ್ಣಿಗೂ ಬೀಳದಂತೆ ಕೈಗೆ ಕೊಟ್ಟದ್ದು ಹೊಸದು.

ಬಳಸುವ ಬಗೆಯೂ ಸರಳ. ನಿದ್ದೆ ಬರುತ್ತಿಲ್ಲವೇ, ಸಿಟ್ಟು ಉಕ್ಕುತ್ತಿದೆಯೇ, ಹಳೆಯದು ಕಣ್ಮುಂದೆ ಬಂತೇ, ಹೆಂಡತಿ ಮಕ್ಕಳ ನಡುವೆ ಕೂತಿದ್ದರೂ ಯಾರೂ ತನ್ನವರಲ್ಲ ಅನ್ನಿಸುತ್ತಿದೆಯೇ ಎಂದು ಆ್ಯಪ್ ಕೇಳುತ್ತದೆ. ಸಂಕಟ ಎಷ್ಟಿದೆ ಎಂದು 0ಯಿಂದ 10ರೊಳಗೆ ಗುರುತು ಹಾಕಿದರೆ ಒಂದು ಉಪಾಯ ಮುಂದಿಡುತ್ತದೆ: ನಿಧಾನದ ಉಸಿರಾಟ, ಸ್ನಾಯುಗಳನ್ನು ಬಿಗಿದು ಸಡಿಲಿಸುವ ಅಭ್ಯಾಸ, ಸುತ್ತಲಿನ ವಸ್ತುಗಳತ್ತ ಗಮನ ತಿರುಗಿಸಿ ಈ ಕ್ಷಣಕ್ಕೆ ಮರಳುವ ಕ್ರಮ. ಮುಗಿದ ಮೇಲೆ ಮತ್ತೆ ಗುರುತು ಹಾಕಿಸುತ್ತದೆ. ಮನೆಯವರ ಫೋಟೊ, ಇಷ್ಟದ ಹಾಡುಗಳನ್ನು ಸೇರಿಸಿಕೊಳ್ಳಬಹುದು. ರೋಗಲಕ್ಷಣಗಳ ಪ್ರಶ್ನಾವಳಿಗೆ ಆಗಾಗ ಉತ್ತರಿಸುತ್ತಾ ಹೋದರೆ ಏರಿಳಿತದ ನಕ್ಷೆ ಸಿಗುತ್ತದೆ. ‘ಏನೋ ಆಗ್ತಿದೆ’ ಅನ್ನುವ ಮಸುಕಾದ ಭಯಕ್ಕೆ ಹೀಗೊಂದು ಆಕಾರ ಬರುವುದು ಸಣ್ಣ ಸಂಗತಿಯಲ್ಲ. ರಾತ್ರಿ ಮೂರು ಗಂಟೆಗೆ ಬೆವೆತು ಎದ್ದು ಕೂತವನಿಗೆ ಆ ಹೊತ್ತಿನಲ್ಲಿ ಬೇರೆ ಯಾರಿದ್ದಾರೆ?

ಫಲವೇನು ಎಂಬ ಪ್ರಶ್ನೆಗೆ ಉತ್ತರ ಅಷ್ಟು ನೇರವಾಗಿಲ್ಲ. 2017ರಲ್ಲಿ ಪ್ರಕಟವಾದ, 120 ಮಂದಿಯ ಮೇಲಿನ ಪ್ರಯೋಗದಲ್ಲಿ ಮೂರು ತಿಂಗಳು ಇದನ್ನು ಬಳಸಿದವರ ಲಕ್ಷಣಗಳು, ಬರಿದೇ ಕಾದಿದ್ದವರಿಗಿಂತ ಹೆಚ್ಚು ತಗ್ಗಿದವು. ಆದರೆ ಅವರನ್ನು ಸೇನೆಯೊಳಗಿಂದ ಆರಿಸಿಕೊಂಡಿರಲಿಲ್ಲ. ಆಘಾತ ಅನುಭವಿಸಿದ್ದ ಸಾಮಾನ್ಯ ಜನರ ನಡುವಿನಿಂದ ಆರಿಸಿದ್ದರು. ರಕ್ಷಣಾ ಇಲಾಖೆಯ ಇನ್ನೊಂದು ಆ್ಯಪ್ ‘ವರ್ಚುವಲ್ ಹೋಪ್ ಬಾಕ್ಸ್’. ಬದುಕಲು ಕಾರಣವಾದ ಫೋಟೊ, ಧ್ವನಿ, ಪತ್ರಗಳನ್ನು ಒಂದು ಪೆಟ್ಟಿಗೆಯಲ್ಲಿ ಕೂಡಿಡಿ ಎಂದು ಚಿಕಿತ್ಸಕರು ಹೇಳುತ್ತಿದ್ದ ಕ್ರಮವನ್ನೇ ಇದು ಫೋನಿಗೆ ತಂದಿತು. 118 ಮಾಜಿ ಸೈನಿಕರೊಂದಿಗೆ ನಡೆದ ಪ್ರಯೋಗದಲ್ಲಿ, ಬಳಸಿದವರು ಕೆಟ್ಟ ಭಾವನೆ, ಯೋಚನೆಗಳನ್ನು ನಿಭಾಯಿಸುವ ಶಕ್ತಿ ತಮಗೆ ಹೆಚ್ಚಿದೆ ಎಂದರು. ಆತ್ಮಹತ್ಯೆಯ ಯೋಚನೆಯ ತೀವ್ರತೆಯಲ್ಲಿ ಮಾತ್ರ ಗುರುತಿಸುವಂಥ ವ್ಯತ್ಯಾಸ ಕಾಣಲಿಲ್ಲ. ಈ ಆ್ಯಪ್‌ಗಳನ್ನು ಹೊಗಳುವವರು ಈ ಕೊನೆಯ ಮಾತನ್ನು ಬಿಟ್ಟು ಮುಂದೆ ಹೋಗಬಾರದು.

ನನ್ನ ಮುಖ್ಯ ತಕರಾರು ಬೇರೆಯದು. ಗುಟ್ಟಾಗಿ ನೆರವು ಕೊಡುವುದು ಒಳ್ಳೆಯದೇ. ಆದರೆ ಗುಟ್ಟು ಏಕೆ ಬೇಕಾಯಿತು ಎಂಬುದನ್ನು ಸೇನೆ ಕೇಳಿಕೊಳ್ಳದಿದ್ದರೆ ಆ್ಯಪ್ ಒಂದು ನೆಪವಾಗುತ್ತದೆ. ಅಮೆರಿಕದಲ್ಲಿ ರಹಸ್ಯ ಮಾಹಿತಿಯೊಂದಿಗೆ ಕೆಲಸ ಮಾಡಲು ಅನುಮತಿ ಬೇಡುವ ಅರ್ಜಿ, ಮಾನಸಿಕ ಚಿಕಿತ್ಸೆ ಪಡೆದಿದ್ದೀರಾ ಎಂದು ಕೇಳುತ್ತಿತ್ತು. ಯುದ್ಧದ ಕಾರಣಕ್ಕೆ ಪಡೆದ ಆಪ್ತಸಲಹೆಯನ್ನು ಅಲ್ಲಿ ಹೇಳಬೇಕಿಲ್ಲ ಎಂದು ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಪ್ರಕಟಿಸಿದ್ದು 2008ರಲ್ಲಿ. ಕಾರಣ ಹೇಳದೆ ಮಾನಸಿಕ ತಪಾಸಣೆ ಕೇಳುವ ಹಕ್ಕನ್ನು ಸೈನಿಕರಿಗೆ ಕೊಟ್ಟ ಬ್ರಾಂಡನ್ ಕಾಯ್ದೆ ಬಂದದ್ದು 2021ರಲ್ಲಿ, ಅಂದರೆ ಆ್ಯಪ್ ಬಂದು ಹತ್ತು ವರ್ಷದ ಮೇಲೆ. ಬೆಲೆ ಕಟ್ಟುವುದಾದರೆ ನಾನು ಆ ಕಾಯ್ದೆಗೇ ಹೆಚ್ಚು ಕಟ್ಟುತ್ತೇನೆ. ಉಸಿರಾಟ ಹೇಳಿಕೊಡುವುದು ಆ್ಯಪ್‌ನಿಂದ ಆದೀತು, ಬಡ್ತಿ ತಪ್ಪುವ ಭಯವನ್ನು ತೆಗೆಯುವುದು ಅದರಿಂದ ಆಗದು.

ಸೈನಿಕನ ಫೋನು ಇನ್ನೊಂದು ಬಗೆಯಲ್ಲೂ ಸೂಕ್ಷ್ಮ. ‘ಸ್ಟ್ರಾವಾ’ ಎಂಬ ವ್ಯಾಯಾಮದ ಆ್ಯಪ್ ಪ್ರಕಟಿಸಿದ್ದ ನಕ್ಷೆಯಲ್ಲಿ ಸೇನಾ ನೆಲೆಗಳ ಸುಳಿವು ಇದ್ದದ್ದು 2018ರ ಜನವರಿಯಲ್ಲಿ ಬಯಲಾಯಿತು. ಓಟದ ದಾಖಲೆಯೇ ಇಷ್ಟು ಹೇಳಬಲ್ಲದಾದರೆ ಮನಸ್ಸಿನ ದಾಖಲೆ ಇನ್ನೆಷ್ಟು ಹೇಳೀತು? ಮಾಹಿತಿ ಸೋರಿಕೆ ತಡೆಯಲು 89 ಆ್ಯಪ್‌ಗಳನ್ನು ಅಳಿಸಿಹಾಕುವಂತೆ ಭಾರತೀಯ ಸೇನೆ 2020ರ ಜುಲೈನಲ್ಲಿ ತನ್ನವರಿಗೆ ಆದೇಶಿಸಿತ್ತು. ಹಾಗಾಗಿ ನಮ್ಮಲ್ಲಿ ಸೈನಿಕರಿಗೆಂದು ಇಂಥದ್ದನ್ನು ಮಾಡುವವರು, ಮಾಹಿತಿ ಫೋನಿನಿಂದ ಹೊರಗೆ ಹೋಗದಂತೆ ಮಾಡಿದ ‘ಪಿಟಿಎಸ್‌ಡಿ ಕೋಚ್’ನ ಕ್ರಮವನ್ನು ಮೊದಲ ಪಾಠವಾಗಿ ತೆಗೆದುಕೊಳ್ಳಬೇಕು.

ನಮ್ಮಲ್ಲಿ ಬುನಾದಿ ಇಲ್ಲದೇನಿಲ್ಲ. 2022ರ ಅಕ್ಟೋಬರ್ 10ರಂದು ಶುರುವಾದ ‘ಟೆಲಿ ಮಾನಸ್’ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಮುಂದಾಳು. ತಂತ್ರಜ್ಞಾನದ ನೆರವು ಅದೇ ಊರಿನ ಐಐಐಟಿಯದು. 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಸೈನಿಕರು ಮತ್ತು ಅವರ ಕುಟುಂಬಗಳಿಗೆಂದೇ ಇದರ ವಿಶೇಷ ಘಟಕ ತೆರೆಯಿತು. ಅಮೆರಿಕದ ಆ ಆ್ಯಪ್‌ಗಳು ತೆರೆಯ ಮೂಲಕ ನೆರವು ಕೊಟ್ಟರೆ ನಾವು ಮನುಷ್ಯರ ದನಿಯಿಂದ ಶುರುಮಾಡಿದ್ದೇವೆ. ನನಗೆ ಸರಿ ಕಾಣುವುದು ನಮ್ಮ ಕ್ರಮವೇ. ಇದಕ್ಕೆ ಬೇಕಿರುವುದು, ಕರೆ ಮಾಡಿದವನ ಹೆಸರು ಅವನ ಕಮಾಂಡರ್ ಕಿವಿಗೆ ಬೀಳದು ಎಂಬ ಲಿಖಿತ ಭರವಸೆ ಮತ್ತು ಅದು ಬ್ಯಾರಕ್ಕಿನ ಗೋಡೆಯ ಮೇಲೆ ಎಲ್ಲರಿಗೂ ಓದಲು ಸಿಗುವುದು.

ಕೊಡಗು, ಬೆಳಗಾವಿಯ ಕಡೆ ಸೈನಿಕರಿರುವ ಮನೆಗಳು ಎಷ್ಟೋ ಇವೆ. ರಜೆಗೆ ಬಂದವರು ಸರಿಯಾಗಿ ನಿದ್ದೆ ಮಾಡುತ್ತಿಲ್ಲ, ಮಾತು ಬಿಟ್ಟಿದ್ದಾರೆ ಅನ್ನಿಸಿದರೆ ಮನೆಯವರೇ ಮೊದಲು ‘ಟೆಲಿ ಮಾನಸ್’ನ 14416ಕ್ಕೆ ಕರೆ ಮಾಡಿ. ಹಗಲಾಗಲಿ ರಾತ್ರಿಯಾಗಲಿ, ಕನ್ನಡದಲ್ಲೇ ಮಾತಾಡಬಹುದು.