ತೆಂಗಿಗೆ ಬೇಲಿ, ಮೆಣಸಿಗೆ ಬಯಲು

ಅರಸೀಕೆರೆಯಿಂದ ಜಾವಗಲ್, ಹಳೇಬೀಡು ದಾಟಿ ಬೇಲೂರು ಮುಟ್ಟುವಷ್ಟರಲ್ಲಿ ತೆಂಗು ಹಿಂದೆ ಸರಿಯುತ್ತದೆ. ಬಿಕ್ಕೋಡು, ಅರೇಹಳ್ಳಿ ಕಡೆ ಹೊರಳಿದರೆ ಕಾಫಿ ತೋಟದ ಸಿಲ್ವರ್ ಓಕ್ ಮರಗಳ ತುಂಬ ಕಾಳುಮೆಣಸಿನ ಬಳ್ಳಿ. 1998ರ ಡಿಸೆಂಬರ್‌ನಲ್ಲಿ ಸಹಿಯಾದ ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದ ಒಂದೇ ಜಿಲ್ಲೆಯ ಈ ಎರಡು ಬೆಳೆಗಳನ್ನು ಎರಡು ಕಣ್ಣಿಂದ ನೋಡಿತು. ತೆಂಗನ್ನು ಭಾರತ ರಿಯಾಯಿತಿಯ ಆಚೆ ಇಟ್ಟುಕೊಂಡಿತು. ಮೆಣಸಿಗೆ ಬಾಗಿಲು ತೆರೆಯಿತು.

ಒಪ್ಪಂದದ ಆಶಯವನ್ನು ಹಳಿಯಲಾಗದು. ಸುಂಕ ಇಳಿಸಲು ಭಾರತಕ್ಕೆ 3 ವರ್ಷ, ಶ್ರೀಲಂಕಾಕ್ಕೆ 8 ವರ್ಷ. ರಿಯಾಯಿತಿ ಇಲ್ಲದ ಸರಕುಗಳು ನಮ್ಮಲ್ಲಿ 429, ಅವರಲ್ಲಿ 1180. 2006ರಲ್ಲಿ ಜಾರಿಗೆ ಬಂದ ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದ (ಸಾಫ್ಟಾ) ಇನ್ನೂ ಮುಂದೆ ಹೋಗಿ ನೇಪಾಳ, ಭೂತಾನ್, ಬಾಂಗ್ಲಾದೇಶದಂಥವಕ್ಕೆ ತಾಂತ್ರಿಕ ನೆರವಿನ ಮಾತನ್ನೂ ಸೇರಿಸಿತು. ಬಲಿತವನು ಹೆಚ್ಚು ಬಗ್ಗಬೇಕೆಂಬುದು ನ್ಯಾಯವೇ.

ಎಡವಿದ್ದು ಸರಕಿನ ಮೂಲ ಪತ್ತೆಹಚ್ಚುವಲ್ಲಿ. ಆಸಿಯಾನ್ ಒಪ್ಪಂದದಡಿ ವಿಯೆಟ್ನಾಂ ಮೆಣಸಿಗೆ ಶೇ. 50ಕ್ಕೂ ಮೇಲೆ ಸುಂಕವಿದ್ದಾಗ ಕೊಲಂಬೊ ದಾರಿ ಅಗ್ಗವಾಯಿತು. ಅಲ್ಲಿಯ ಮೂಲ ಪ್ರಮಾಣಪತ್ರ ಹೊತ್ತು ವಿಯೆಟ್ನಾಂ ಕಾಳು ಬರುತ್ತಿದೆ ಎಂದು ಬೆಳೆಗಾರರು ಕೂಗಿದರು. ಆಗಿನ ಮೆಣಸಿನ ಬೆಲೆ ಕುಸಿತಕ್ಕೆ ವಿಯೆಟ್ನಾಂನ ಅತಿ ಇಳುವರಿಯೂ ಕಾರಣ. ಎಲ್ಲವನ್ನೂ ಕೊಲಂಬೊ ತಲೆಗೆ ಕಟ್ಟುವುದು ಸುಲಭದ ಸಿಟ್ಟು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. ಬಿಲ್ಲಿನಲ್ಲಿ ಹೆಚ್ಚು ಬರೆದು ತರುವವರಿದ್ದಾರೆಂಬ ದೂರು ಅದರ ಬೆನ್ನಿಗೇ ಬಂತು. ಬೆಲೆಗೆ ಬೇಲಿ ಹಾಕಿದರೂ ಪ್ರಮಾಣಪತ್ರದ ಪರೀಕ್ಷೆ ಕೂಡಲೇ ಬಿಗಿಯಾಗಲಿಲ್ಲ.

ಹಾಗಾದರೆ ರಕ್ಷಣೆ ಪಡೆದ ಅರಸೀಕೆರೆ ಗೆದ್ದಿತೇ? ಇಲ್ಲ. 2023ರಲ್ಲಿ ಉಂಡೆ ಕೊಬ್ಬರಿ ಬೆಂಬಲ ಬೆಲೆಗಿಂತ ಕೆಳಗಿಳಿದು, ರೈತರು ರಾಷ್ಟ್ರೀಯ ಸಹಕಾರ ಮಾರಾಟ ಮಹಾಮಂಡಳ ನಾಫೆಡ್‌ನ ಖರೀದಿಗೆ ಕಾಯಬೇಕಾಯಿತು. ಅಂದರೆ ಬೇಲಿಯೊಂದೇ ಕಸುವು ತುಂಬುವುದಿಲ್ಲ. ಒಣಗಿಸುವ ಕಣ, ತೇವಾಂಶ ಅಳೆಯುವ ಯಂತ್ರ, ದರ ಏರುವವರೆಗೆ ಇಟ್ಟುಕೊಳ್ಳಲು ಗೋದಾಮು ಮತ್ತು ಅಡಮಾನ ಸಾಲ, ಇವು ಕೈಗೆಟುಕದ ಎರಡೆಕರೆ ಬೆಳೆಗಾರನಿಗೆ ಕೊಯ್ಲಿನ ವಾರದ ದರವೇ ಗತಿ.

ನೆರೆಯ ಸಣ್ಣ ದೇಶಗಳ ಸಾಮರ್ಥ್ಯದ ಬಗ್ಗೆ ಯೋಚಿಸಿದ ದೆಹಲಿ, ತನ್ನೊಳಗಿನ ಸಣ್ಣ ಆರ್ಥಿಕತೆಗಳನ್ನು ಮರೆತಿದೆ. ಶ್ರೀಲಂಕಾದೊಡನೆ ವಿಸ್ತೃತ ಒಪ್ಪಂದದ ಮಾತುಕತೆ 2016ರಿಂದ ಎಳೆದಾಡುತ್ತಿದೆ. ಅದು ಮುಗಿಯುವ ಮುನ್ನ ಮೆಣಸಿನ ಬೆಳೆಗಾರರ ಸಂಘಗಳನ್ನು ಕರೆದು ಕೇಳಲಿ, ಬಂದರಿಗೆ ಬರುವ ಮೆಣಸಿನ ಮೂಲದ ವಿವರವನ್ನು ತಿಂಗಳು ತಿಂಗಳು ಪ್ರಕಟಿಸಲಿ.