ಗ್ರಂಥಾಲಯಗಳಲ್ಲಿ ವಿಷಯಾನುಸಾರಿ ಗ್ರಂಥಪ್ರದರ್ಶನ: ಒಂದು ವಿಮರ್ಶೆ

ಸಾರ್ವಜನಿಕ ಗ್ರಂಥಾಲಯಗಳಲ್ಲಿ ಒಂದು ವಿಷಯವನ್ನು ಹಿಡಿದು ಗ್ರಂಥಗಳನ್ನು ಒಂದೆಡೆ ಕೂಡಿಸಿ ವಾಚಕರ ಮುಂದಿರಿಸುವ ಪದ್ಧತಿಯು ಈಗ ರೂಢಮೂಲವಾಗಿದೆ. ನವೆಂಬರ್ 1ರ ರಾಜ್ಯೋತ್ಸವ, ಅದೇ ತಿಂಗಳ 14ರಿಂದ ನಡೆಯುವ ಗ್ರಂಥಾಲಯ ಸಪ್ತಾಹ, ಕವಿಗಳ ಜಯಂತಿಗಳು ಇದಕ್ಕೆ ನಿಮಿತ್ತಗಳು. ಉದ್ದೇಶವು ಶ್ಲಾಘ್ಯವೇ ಸರಿ. ಆದರೆ ಬಹುಮಟ್ಟಿಗೆ ಅಲ್ಲಿ ಕಾಣುವುದೇನು? ಕುವೆಂಪು ಮೊದಲ್ಗೊಂಡು ಕಂಬಾರರವರೆಗೆ ಜ್ಞಾನಪೀಠ ಪಡೆದ ಎಂಟು ಮಂದಿಯ ಭಾವಚಿತ್ರಗಳು, ಹೂಮಾಲೆಗಳು, ಕೆಳಗೆ ಗಾಜಿನ ಬೀರುವಿನಲ್ಲಿ ಬೀಗಮುದ್ರೆಯೊಳಗಿನ ಗ್ರಂಥಗಳು. ನೋಡಿದವನು ಕೈಮುಗಿದು ಹೋಗುತ್ತಾನೆ, ಓದುವುದಿಲ್ಲ. ಇದು ಪೂಜೆಯೇ ಹೊರತು ಗ್ರಂಥಪ್ರದರ್ಶನವಲ್ಲ.

ಶಾಸ್ತ್ರಗ್ರಂಥದ ಆರಂಭದಲ್ಲಿ ವಿಷಯ, ಸಂಬಂಧ, ಅಧಿಕಾರಿ, ಪ್ರಯೋಜನಗಳೆಂಬ ಅನುಬಂಧಚತುಷ್ಟಯವನ್ನು ನಿರೂಪಿಸುವುದು ಪೂರ್ವಿಕರ ಸಂಪ್ರದಾಯ. ಪ್ರದರ್ಶನವನ್ನೂ ಈ ನಾಲ್ಕರಿಂದಲೇ ಪರೀಕ್ಷಿಸಬಹುದು.

ಮೊದಲನೆಯದು ವಿಷಯ. ಒಂದು ತಿಥಿಯಾಗಲಿ ಒಂದು ಹೆಸರಾಗಲಿ ವಿಷಯವಾಗಲಾರದು. ಜಿಜ್ಞಾಸೆಯನ್ನು ಹುಟ್ಟಿಸತಕ್ಕ ಪ್ರಶ್ನೆಯೇ ವಿಷಯ. 'ಮಹಾಭಾರತ' ಎಂಬುದು ಅತಿವಿಸ್ತಾರವಾದುದು. 'ಕೌರವನ ಕಡೆಯ ದಿನ' ಎಂದರೆ ಪ್ರಶ್ನೆಯು ಏಳುತ್ತದೆ. ಭಾಸನದೆಂದು ಹೇಳಲಾಗುವ 'ಊರುಭಂಗ'ದಲ್ಲಿ ತೊಡೆ ಮುರಿದು ಬಿದ್ದ ದುರ್ಯೋಧನನು ಬಲರಾಮನ ಕೋಪವನ್ನು ತಾನೇ ಶಮನಗೊಳಿಸುತ್ತಾನೆ. ಭಟ್ಟನಾರಾಯಣನ 'ವೇಣೀಸಂಹಾರ'ದಲ್ಲಿಯಾದರೋ ಅವನ ರಕ್ತದಿಂದ ತೊಯ್ದ ಕೈಗಳಿಂದ ಭೀಮನು ದ್ರೌಪದಿಯ ಮುಡಿ ಕಟ್ಟುವುದೇ ಫಲ. ರನ್ನನ 'ಗದಾಯುದ್ಧ'ದಲ್ಲಿ ಅದೇ ಅರಸನು ರಣಭೂಮಿಯಲ್ಲಿ ನಡೆಯುತ್ತ, ಶತ್ರುಪುತ್ರನಾದ ಅಭಿಮನ್ಯುವಿನ ಪರಾಕ್ರಮವನ್ನೂ ಕೊಂಡಾಡುತ್ತಾನೆ. 941ರ ಪಂಪನ 'ವಿಕ್ರಮಾರ್ಜುನ ವಿಜಯ', ಕುಮಾರವ್ಯಾಸನ ಗದಾಪರ್ವ, 1979ರಲ್ಲಿ ಬಂದ ಭೈರಪ್ಪನವರ 'ಪರ್ವ' ಇವುಗಳನ್ನೂ ಸೇರಿಸಿದರೆ, ಇವನು ಖಳನೋ ಮಹಾನುಭಾವನೋ ಎಂಬ ಸಂಶಯವು ನೋಡುವವನಲ್ಲಿ ತಾನಾಗಿ ಹುಟ್ಟುವುದು.

ಎರಡನೆಯದು ಸಂಬಂಧ. ಡ್ಯೂಯಿಯ ದಶಮಾಂಶ ವರ್ಗೀಕರಣವನ್ನು ಅನುಸರಿಸುವ ಗ್ರಂಥಾಲಯದಲ್ಲಿ ಸಂಸ್ಕೃತಸಾಹಿತ್ಯವು 891.2ರಲ್ಲಿಯೂ ಕನ್ನಡಸಾಹಿತ್ಯವು 894.814ರಲ್ಲಿಯೂ ರಂಗಕಲೆಯು 792ರಲ್ಲಿಯೂ ಇರುತ್ತವೆ. ವರ್ಗೀಕರಣವು ಅಗಲಿಸಿದುದನ್ನು ಕೆಲವು ದಿನಗಳ ಮಟ್ಟಿಗೆ ಕೂಡಿಸುವುದೇ ಪ್ರದರ್ಶನದ ಕಾರ್ಯ. ಒಂದೇ ಅರ್ಥವನ್ನು ಸಾಧಿಸುವ ಪದಗಳಿಗೆ ಮೀಮಾಂಸಕರು ಹೇಳುವ ಏಕವಾಕ್ಯತೆಯು ಇಲ್ಲಿಯೂ ಬೇಕು. ಅದಿಲ್ಲದ ಗ್ರಂಥರಾಶಿಯು ಸಂತೆಯ ಅಂಗಡಿಯಂತಾಗುವುದು.

ಮೂರನೆಯದು ಅಧಿಕಾರಿ. ಹಳಗನ್ನಡದ ಚಂಪುವನ್ನು ನೇರವಾಗಿ ಓದಬಲ್ಲವರು ವಿರಳ. ಆದಕಾರಣ ರನ್ನನ ಮೂಲದ ಪಕ್ಕದಲ್ಲಿ ಹೊಸಗನ್ನಡದ ಗದ್ಯಾನುವಾದ, ಒಂದು ನಿಘಂಟು, ಆ ಕಾವ್ಯವನ್ನೇ ನಾಟಕವಾಗಿ ಅಳವಡಿಸಿದ ಬಿ.ಎಂ. ಶ್ರೀಕಂಠಯ್ಯನವರ 'ಗದಾಯುದ್ಧ ನಾಟಕಂ' ಇವು ಇರತಕ್ಕವು. ಪ್ರತಿಯೊಂದರ ಮೇಲೂ, ಇದು ಇಲ್ಲಿ ಏಕಿದೆ ಎಂಬುದನ್ನು ಎರಡು ಸಾಲಿನಲ್ಲಿ ತಿಳಿಸುವ ಚೀಟಿ ಸಾಕು, ಪ್ರಶಂಸಾವಾಕ್ಯಗಳು ಬೇಕಿಲ್ಲ.

ಗ್ರಂಥಪಾಲಕನು ತನ್ನ ಅಭಿಪ್ರಾಯವನ್ನು ವಾಚಕನ ಮೇಲೆ ಹೇರಿದಂತಾಗದೆ ಎಂಬ ಆಕ್ಷೇಪವು ಬರಬಹುದು. ಆಯ್ಕೆಯಿರುವಲ್ಲಿ ಅಭಿಪ್ರಾಯವು ಇದ್ದೇ ಇರುವುದು. ಆದುದರಿಂದಲೇ ಪ್ರದರ್ಶನವೂ ಒಂದು ವಿಮರ್ಶೆ. ದೋಷಪರಿಹಾರಕ್ಕೆ ಉಪಾಯವು ಪೂರ್ವಪಕ್ಷವನ್ನೂ ಅದೇ ಮೇಜಿನ ಮೇಲಿರಿಸುವುದು. ದುರ್ಯೋಧನನನ್ನು ಮನ್ನಿಸುವ 'ಊರುಭಂಗ'ದ ಎದುರಿಗೆ ಅವನನ್ನು ದಂಡಿಸುವ 'ವೇಣೀಸಂಹಾರ'ವಿದ್ದರೆ ನಿರ್ಣಯವು ವಾಚಕನದೇ ಆಗುವುದು.

ಕಡೆಯದು ಪ್ರಯೋಜನ. ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯಶಾಸ್ತ್ರದ ಪಂಚಸೂತ್ರಗಳಲ್ಲಿ ಮೊದಲನೆಯದು ಗ್ರಂಥಗಳು ಉಪಯೋಗಕ್ಕಾಗಿ ಎಂಬುದು. ಮೂರನೆಯದು ಪ್ರತಿಯೊಂದು ಗ್ರಂಥಕ್ಕೂ ಅದರ ವಾಚಕನು ದೊರೆಯಬೇಕೆಂಬುದು. ಕೇಳಿ ಪಡೆಯುವವರಿಲ್ಲದೆ ಧೂಳು ಹಿಡಿದ ಗ್ರಂಥಕ್ಕೆ ವಾಚಕನನ್ನು ದೊರಕಿಸುವುದೇ ಇದರ ಫಲ. ಬೀಗ ಹಾಕಿದ ಗಾಜು ಈ ಎರಡು ಸೂತ್ರಗಳಿಗೂ ವಿರುದ್ಧ. ಪ್ರದರ್ಶನದಲ್ಲಿಟ್ಟ ಗ್ರಂಥವನ್ನು ಅಲ್ಲಿಯೇ ಎತ್ತಿಕೊಂಡು ಎರವಲು ಪಡೆಯುವಂತಿರಬೇಕು. ತೆರವಾದ ಎಡೆಯನ್ನು ಮತ್ತೊಂದು ಗ್ರಂಥದಿಂದ ತುಂಬುತ್ತಿರಬೇಕು. ಎಷ್ಟು ಮಂದಿ ನೋಡಿದರೆಂಬುದಕ್ಕಿಂತ ಎಷ್ಟು ಗ್ರಂಥಗಳು ಮನೆಗಳಿಗೆ ಹೋದವೆಂಬುದೇ ಅದರ ಸಾಫಲ್ಯಕ್ಕೆ ಪ್ರಮಾಣ.